ಯಾರೂ ನೋಡದ ವರದಿ

ರಾಯಚೂರಿನ ಆ ಕೋಣೆ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ. ಕಟ್ಟಿದವನಿಗೆ ಅವಸರವಿತ್ತೋ, ಸಿಮೆಂಟು ತೀರಿತ್ತೋ ಗೊತ್ತಿಲ್ಲ. ನನ್ನ ಎಡಗಾಲಿನ ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಮೊದಲ ದಿನ ಮೊಮ್ಮಗಳು ಹಿಂದಿನಿಂದ ನೂಕಿದಳು, ನಾನು ಕಂಬಿ ಹಿಡಿದು ಏರಿದೆ. ಮೇಲೆ ಬಂದು ಕೂತಮೇಲೆ ಒಂದು ಮಾತು ಗೊತ್ತಾಯಿತು: ಇನ್ನು ಇಳಿಯುವುದು ನನ್ನ ಕೈಯಲ್ಲಿಲ್ಲ.

ಕಿಟಕಿ ಒಂದೇ. ಅದರ ಎದುರು ಪಕ್ಕದ ಮನೆಯ ಗೋಡೆ. ಬಣ್ಣ ಹಚ್ಚದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಮೇಲೆ ಬರೀ ಸ್ಲ್ಯಾಬು. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಒಲೆಯ ಮೇಲಿಂದ ಇಳಿಸಿದ ನೀರು ಬಂದಂತೆ ಬರುತ್ತದೆ. ನಾನು ಜಾಲಹಳ್ಳಿಯವಳು. ಬಿಸಿಲು ಕಂಡವಳೇ. ಆದರೆ ಬಯಲಿನ ಬಿಸಿಲಿಗೆ ಎದ್ದು ಓಡಲು ಜಾಗವಿರುತ್ತದೆ.

ನಾನು ಅಲ್ಲಿಗೆ ಹೋದದ್ದು ಯಾಕೆಂದು ಹೇಳುತ್ತೇನೆ. ಮೊಮ್ಮಗಳು ಪಿಎಚ್‌ಡಿ ಮಾಡುತ್ತಿದ್ದಾಳೆ. ದೇವದುರ್ಗದ ಕಡೆಯ ಒಣಭೂಮಿಯ ಹೆಂಗಸರು ಮಾನ್ವಿಯ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗುತ್ತಾರಲ್ಲ, ಅವರ ಮೇಲೆ. ನಾನೂ ಹೋದವಳೇ, ಅವಳ ಅಪ್ಪನನ್ನು ಬದುವಿನ ಮೇಲೆ ಸೀರೆಯಲ್ಲಿ ಸುತ್ತಿ ಮಲಗಿಸಿ. ಹಾಸ್ಟೆಲಿನಲ್ಲಿ ಅವಳ ಅವಧಿ ಮುಗಿಯಿತು, ಸಂಶೋಧನೆ ಮುಗಿಯಲಿಲ್ಲ. ಅವಳಪ್ಪ, ಅಂದರೆ ನನ್ನ ಮಗ, ಸರಕಾರಿ ಬಸ್ಸಿನ ಕಂಡಕ್ಟರ್. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. "ಆಕಿ ಒಬ್ಬಾಕಿನೇ ಬಾಡಿಗಿ ಕೋಣ್ಯಾಗ ಇರಾದು ಬ್ಯಾಡ. ಯವ್ವಾ, ನೀನು ಹೋಗಿ ಇರ್ತೀಯಂದ್ರ ಇರಲಿ, ಇಲ್ಲಂದ್ರ ವಾಪಸ್ ಬರಲಿ. ದೇವದುರ್ಗದಾಗ ಒಂದು ಖಾಸಗಿ ಶಾಲ್ಯಾಗ ಟೀಚರ್ ಕೆಲಸ ಖಾಲಿ ಅದ, ಈ ತಿಂಗಳ ಕೊನಿತನಕ ನಿಲ್ಲಸ್ತೀನಿ ಅಂದಾರ" ಎಂದ. ಪ್ರಬಂಧ ಸಲ್ಲಿಸುವ ಗಡುವೂ ತಿಂಗಳ ಕೊನೆಯೇ. ಸಲ್ಲಿಸಿದರೆ ಡಾಕ್ಟರು, ಸಲ್ಲಿಸದಿದ್ದರೆ ಒಂದನೇ ಕ್ಲಾಸಿನ ಟೀಚರು. ಅಷ್ಟೇ ಲೆಕ್ಕ.

ಜಾಲಹಳ್ಳಿ ಬಸ್ ನಿಲ್ದಾಣದ ಎದುರು, ಬೇವಿನ ಮರದ ಬುಡದಲ್ಲಿ ನನ್ನ ಮಂಡಾಳ ಒಗ್ಗರಣೆ, ಅಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿ. ಅಂಗಡಿಯೆಂದರೆ ಗೋಡೆ, ಬಾಗಿಲು ಏನಿಲ್ಲ. ಒಲೆ, ಬಾಣಲೆ, ಒಂದು ಬೆಂಚು. ಅಂಥ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ದಿನಾ ಕೂತವರದ್ದೇ ಜಾಗ. ಪಕ್ಕದ ಮನೆಯಾಕೆಗೆ ಬಾಣಲೆ ಕೊಟ್ಟು, "ನಾ ಬರೋತನಕ ಕುಂದ್ರು" ಎಂದು ಹೇಳಿ ಬಂದಿದ್ದೆ. ಆಕೆ "ಆತು ಯಕ್ಕಾ" ಎಂದ ರೀತಿ ನನಗೆ ಅವತ್ತೇ ಸರಿ ಬರಲಿಲ್ಲ.

ಕೋಣೆಯಲ್ಲಿ ಮೊಮ್ಮಗಳು ನನಗೊಂದು ಕೆಲಸ ಹಚ್ಚಿದಳು. ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ಕನ್ನಡ ಓದುತ್ತೇನೆ, ನಿಧಾನ. ಅವಳ ಸುತ್ತ ಸರಕಾರದ ವರದಿಗಳ ರಾಶಿ: ನೀರಾವರಿಯದ್ದು, ಕೃಷಿಯದ್ದು, ಕೂಲಿಯದ್ದು. ಪ್ರಬಂಧದ ಕೊನೆಯಲ್ಲಿ ಆಕರ ಪಟ್ಟಿ ಎಂದು ಒಂದು ಬರುತ್ತದೆ. ಯಾವ ಮಾತು ಎಲ್ಲಿಂದ ತಂದೆ ಎಂದು ಅಲ್ಲಿ ಹೇಳಬೇಕು. ನಾನು ಮುಖಪುಟ ನೋಡಿ ಓದುವುದು, ಅವಳು ಲ್ಯಾಪ್‌ಟಾಪಿನಲ್ಲಿ ಕುಟ್ಟುವುದು.

"ಓದು ಅಜ್ಜಿ."

"ಯಾವುದು ಓದ್ಲಿ? ಮ್ಯಾಲೆ ದೊಡ್ಡ ಅಕ್ಷರ ಅದಾವ, ಕೆಳಗ ಸಣ್ಣ ಅಕ್ಷರ ಅದಾವ."

"ಮೊದ್ಲು ಬರೆದವ್ರ ಹೆಸರು."

"ಬರೆದವ್ರ ಹೆಸರಿಲ್ಲ. ಮಂತ್ರಿ ಫೋಟೋ ಅದ."

"ಮಂತ್ರಿ ಬರೆದಿಲ್ಲ ಬೇ, ಬಿಡು ಅವನ್ನ. ಕಚೇರಿ ಹೆಸರು ಓದು. ಬರೆದವ್ರ ಹೆಸರು ಇಲ್ಲಂದ್ರ ಕಚೇರೀನ ಬರೆದದ್ದು ಅಂತ ಹಾಕಬೇಕು."

"ಕಚೇರಿಗೆ ಕೈ ಅದಾವೇನು? ಬಿಸಿಲಾಗ ಮನಿ ಮನಿ ತಿರುಗಿ ಕೇಳಿದಾಕಿ ಯಾವಾಕಿ? ಅಂಗನವಾಡಿ ಟೀಚರ್ ಇರಬೇಕು. ಆಕಿ ಹೆಸರು ಎಲ್ಲಿ?"

"ಇರಂಗಿಲ್ಲ."

"ಹಂಗಾರ ಕಚೇರಿ ಹೆಸರೇ ಹಾಕು. ನೆಳ್ಳಾಗ ಕುಂತಿದ್ದು ಅದೇ ಅಲ್ಲೇನು?"

ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದು ಕಡಿಮೆ, ಅದಕ್ಕೇ ನೆನಪಿದೆ.

ಹೆಸರಾದ ಮೇಲೆ ಇಸವಿ. ಆಮೇಲೆ ವರದಿಯ ಹೆಸರು, ಅದನ್ನು ಓರೆ ಅಕ್ಷರದಲ್ಲಿ. ಆಮೇಲೆ ವರದಿ ಸಂಖ್ಯೆ, ಆಮೇಲೆ ಹೊರಡಿಸಿದ ಕಚೇರಿ, ಕೊನೆಗೆ ಊರು. ಚುಕ್ಕೆ ಎಲ್ಲಿ, ಗೆರೆ ಎಲ್ಲಿ, ಎಲ್ಲಕ್ಕೂ ಕಟ್ಟಳೆ. ಒಂದು ಚುಕ್ಕೆ ತಪ್ಪಿದರೆ ಆಫೀಸಿನವರು ವಾಪಸು ಕಳಿಸುತ್ತಾರಂತೆ. ನಾನು ಒಂದು ದಿನ ಬೇಸತ್ತು ಕೇಳಿದೆ, "ಇದೆಲ್ಲ ಯಾವನು ನೋಡ್ತಾನಬೇ?"

ಅವಳು ಕುಟ್ಟುವುದು ನಿಲ್ಲಿಸಿದಳು. "ನಾನು ಹೇಳಿದ್ದು ಖರೇನೋ ಸುಳ್ಳೋ ಅಂತ ನಾಳೆ ಯಾರಿಗರ ಸಂಶೆ ಬಂದ್ರ, ಈ ಸಾಲು ಹಿಡ್ಕೊಂಡು ಹೋಗಿ ಆ ವರದಿ ಮುಟ್ಟಬೇಕು ಅಜ್ಜಿ. ದಾರಿ ಹೇಳಿದಂಗ."

ಅದು ನನಗೆ ತಿಳಿಯಿತು. ಬೇವಿನ ಮರದ ಕೆಳಗೆ ಕೂತು ನಾನು ಇಡೀ ದಿನ ಮಾಡುವುದು ಅದನ್ನೇ. ಲಿಂಗಸುಗೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ, ತಿಂಥಣಿಗೆ ಯಾವುದು ಹೋಗುತ್ತದೆ. ಮಿರ್ಚಿ ಕೊಳ್ಳುವವರಿಗಿಂತ ದಾರಿ ಕೇಳುವವರು ಜಾಸ್ತಿ. ತಪ್ಪು ಹೇಳಿದರೆ ಪಾಪ, ಎಲ್ಲಿಗೋ ಹೋಗಿ ಇಳಿಯುತ್ತಾರೆ.

ಪಟ್ಟಿ ಮುಗಿಯುತ್ತ ಬಂತು. ಉಳಿದದ್ದು ಒಂದೇ ವರದಿ. ಅದೂ ಎಲ್ಲಕ್ಕಿಂತ ಬೇಕಾದದ್ದು. ದೇವದುರ್ಗದ ಕಡೆಯಿಂದ ನಾಟಿಗೆ ಹೋಗುವ ಹೆಂಗಸರ ಬಗ್ಗೆ ಹಿಂದೆ ಯಾವಾಗಲೋ ಒಂದು ಕಚೇರಿ ಮಾಡಿಸಿದ್ದ ತಾಂತ್ರಿಕ ವರದಿ. ನಾನು ನಾಟಿಗೆ ಹೋಗುತ್ತಿದ್ದ ಕಾಲದ್ದು. ಅವಳ ನಾಲ್ಕನೇ ಅಧ್ಯಾಯ ಪೂರ್ತಿ ಅದರ ಮೇಲೆ ನಿಂತಿತ್ತು: ಆಗ ಹೀಗಿತ್ತು, ಈಗ ಹೀಗಿದೆ ಎಂದು. ಆಗಿನದನ್ನು ಹೇಳಲು ಆ ವರದಿ ಬಿಟ್ಟರೆ ಬೇರೆ ಇಲ್ಲ. ಅವಳ ಮಾರ್ಗದರ್ಶಕರ ಹಳೆಯ ಪ್ರಬಂಧದಲ್ಲಿ ಅದರ ಉಲ್ಲೇಖವಿತ್ತು, ಅವರ ಶಿಷ್ಯರ ಪ್ರಬಂಧಗಳಲ್ಲೂ ಇತ್ತು. ಹೆಸರು, ಇಸವಿ, ಸಂಖ್ಯೆ, ಊರು, ಎಲ್ಲ ಸರಿಯಾಗಿ. ಇವಳೂ ಅದರ ಲೆಕ್ಕ, ಆ ಸಾಲು ಎರಡನ್ನೂ ಅವರನ್ನು ನೋಡಿಯೇ ಬರೆದಿದ್ದಳು. ವರದಿಯನ್ನು ಮಾತ್ರ ಕಣ್ಣಿಂದ ನೋಡಿರಲಿಲ್ಲ.

"ನಮ್ಮನ್ನ ಯಾರೂ ಬಂದು ಕೇಳಿದ್ದು ನನಗ ನೆನಪಿಲ್ಲ" ಎಂದೆ.

"ನಿನ್ನೊಬ್ಬಾಕಿನ್ನೇ ಕೇಳಬೇಕಂತ ಎಲ್ಲಿ ಅದ? ಬ್ಯಾರೆ ಊರಾಗ ಕೇಳಿರಬೇಕು."

ಅದೂ ನಿಜ. ನಾನೇನು ಇಡೀ ತಾಲ್ಲೂಕೇ?

ಆದರೆ ಕಟ್ಟಳೆಯ ಪ್ರಕಾರ ತಾನು ನೋಡದ್ದನ್ನು ನೋಡಿದೆ ಎಂದು ಬರೆಯುವ ಹಾಗಿಲ್ಲ. ನೋಡದಿದ್ದರೆ "ಇಂಥವರಲ್ಲಿ ಉಲ್ಲೇಖಿತ" ಎಂದು, ಯಾರ ಬಾಯಿಂದ ಕೇಳಿದೆಯೋ ಅವರ ಹೆಸರು ಹಾಕಬೇಕು. ಅವಳಿಗೆ ಅದು ಮನಸ್ಸಿಗೆ ಬರಲಿಲ್ಲ. ಇಡೀ ಅಧ್ಯಾಯ ನಿಂತಿರುವ ವರದಿಯನ್ನು ಮುಟ್ಟದೆ ಹೇಗೆ? "ಹುಡುಕ್ಕೊಂಡು ಬರ್ತೀನಿ, ಮಾನ್ವಿಗೊಂದು ಸಲ, ದೇವದುರ್ಗಕ್ಕೊಂದು ಸಲ" ಎಂದಳು. "ನಾನೂ ಬರ್ತೀನಿ" ಎಂದೆ.

"ನಿನಗ ಇಳಿಯಾಕ ಆಗಂಗಿಲ್ಲ."

"ನೀ ಸುಮ್ಮನಿರು."

ಕುಂಡಿಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರಿದೆ. ಒಂದನೇ ಮಹಡಿಯ ಮನೆಯವನು ಬಾಗಿಲು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡ. ನಾಚಿಕೆ ಅವನಿಗಾಯಿತು, ನನಗಲ್ಲ.

ಮಾನ್ವಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಎಷ್ಟು ದೂರ ಕಣ್ಣು ಹಾಯಿಸಿದರೂ ಗೋಡೆ ಇಲ್ಲ. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ವರದಿಯ ಸಾಲಿನಲ್ಲಿ ಊರು ಮಾನ್ವಿ ಎಂದಿತ್ತು; ಅಲ್ಲಿಯ ಕಚೇರಿಯಲ್ಲಿ ದಾಖಲೆ ಕೋಣೆ ನೋಡಿಕೊಳ್ಳುವವರು ವಯಸ್ಸಾದ ಸಾಹೇಬರೊಬ್ಬರು. ತಮ್ಮ ಕುರ್ಚಿ ನನಗೆ ಕೊಟ್ಟು ತಾವು ಸ್ಟೂಲಿನ ಮೇಲೆ ಕೂತರು. ಮೊಮ್ಮಗಳು ವರದಿಯ ವಿವರ ಬರೆದಿದ್ದ ಚೀಟಿ ಕೊಟ್ಟಳು. ಅವರು ಪೂರ್ತಿ ಓದಲೇ ಇಲ್ಲ.

"ಮತ್ತ ಇದೇ ಬಂತಲ್ಲಮ್ಮಾ" ಎಂದರು.

"ಯಾಕ್ರೀ ಸಾಹೇಬ್ರ?"

"ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಅದರ ಹಿಂದೊಮ್ಮೆ ಒಬ್ಬ ಹೆಣ್ಣುಮಗಳು. ಇದೇ ಹೆಸರು, ಇದೇ ನಂಬರು. ನನಗ ಬಾಯಿಪಾಠ ಆಗ್ಯಾದ. ಎಲ್ಲಾ ಅಲ್ಮಾರಿ ತಲಾಶ್ ಮಾಡೀನಿ, ಇಲ್ಲಿ ಇಲ್ಲ."

"ಮತ್ತ ಅವ್ರು ಏನು ಮಾಡಿದ್ರೀ?" ಮೊಮ್ಮಗಳ ದನಿ ಸಣ್ಣದಾಗಿತ್ತು.

"ಚಾ ಕುಡಿದ್ರು, ಹೋದ್ರು. ಆಮ್ಯಾಲೆ ಪೇಢಾ ತಂದು ಕೊಟ್ರು, ಡಾಕ್ಟರ್ ಆದ್ವಿ ಅಂತ." ಅವರು ಚೀಟಿಯನ್ನು ಮಡಚಿ ವಾಪಸು ಕೊಟ್ಟರು. "ಹೆಸರಿನ್ಯಾಗ ದೇವದುರ್ಗ ಅದಲ್ಲ, ಅಲ್ಲಿ ಒಮ್ಮೆ ಕೇಳ್ರಿ. ಖುದಾ ಹಾಫಿಜ್."

ದೇವದುರ್ಗಕ್ಕೆ ಹೋದೆವು. ಅಲ್ಲಿಯ ಕಚೇರಿಯಲ್ಲಿ ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು, ಒಳಗೆ ಹೋಗಿ ಕೇಳಿ ಬಂದಳು. ಆ ಹೆಸರಿನ ವರದಿ ಇಲ್ಲ, ಆ ಸಂಖ್ಯೆಯದೂ ಇಲ್ಲ. ಬೇಕಿದ್ದರೆ ಅರ್ಜಿ ಕೊಡಿ, ಉತ್ತರ ಬರುತ್ತದೆ ಎಂದಳು. ಮೊಮ್ಮಗಳು ಅರ್ಜಿ ಕೊಟ್ಟಳು. ಆ ಉತ್ತರ ಆಮೇಲೆ ಬಂತು, ಅದರಲ್ಲೂ ಇಲ್ಲ ಎಂದೇ ಇತ್ತು.

ದೇವದುರ್ಗದ ನಿಲ್ದಾಣದಲ್ಲಿ ನಡೆದದ್ದು ಹೇಳಬೇಕು. ರಾಯಚೂರು ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲೇ ಜಾಲಹಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ನಮ್ಮೂರಿನ ಹೆಸರು ಕೂಗುತ್ತಿದ್ದ. ನನಗೆ ಗೊತ್ತಿರುವ ಮುಖಗಳು ಕಿಟಕಿಯಲ್ಲಿದ್ದವು. ಒಬ್ಬಾಕೆ ಕೂಗಿದಳು, "ಏನವ್ವಾ, ರಾಯಚೂರಿನಾಕಿ ಆಗಿಬಿಟ್ಟೀ! ಬರಂಗಿಲ್ಲೇನು? ನಿನ್ನ ಜಾಗದಾಗ ಬಾಜೂ ಮನಿಯಾಕಿ ತಗಡು ಹಾಕಿಸಾಕತ್ತ್ಯಾಳ ನೋಡು!"

ನಾನು ಬಸ್ಸಿನ ಹತ್ತಿರ ಹೋದೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಒಳ್ಳೆಯ ಕಾಲನ್ನು. ಹಿಂದೆ ತಿರುಗಿದರೆ ಮೊಮ್ಮಗಳು ಚೀಟಿ ಹಿಡಿದು ನಿಂತಿದ್ದಾಳೆ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಹೋದರೆ ಅವಳ ಕೋಣೆ ಹೋಯಿತು, ಕೋಣೆ ಹೋದರೆ ಉಳಿದದ್ದೆಲ್ಲ ಹೋಯಿತು, ಅದು ನಮ್ಮಿಬ್ಬರಿಗೂ ಗೊತ್ತು. ಏನಾದರೂ ಅಂದಿದ್ದರೆ ಬೈದು ಹತ್ತಿಬಿಡುತ್ತಿದ್ದೆ. ಅನ್ನದೆ ನಿಂತಳಲ್ಲ, ಅದಕ್ಕೆ ನನಗೆ ಸಿಟ್ಟು ಬಂತು. ಕಾಲು ತೆಗೆದೆ. ಬಸ್ಸು ಹೋಯಿತು.

ಮರುದಿನ ಅವಳು ಗ್ರಂಥಾಲಯದಲ್ಲಿ ಹಳೆಯ ಪ್ರಬಂಧಗಳನ್ನೆಲ್ಲ ತೆಗೆಸಿ ನೋಡಿದಳಂತೆ. ಆ ವರದಿಯ ಸಾಲು ಎಲ್ಲದರಲ್ಲೂ ಒಂದೇ ಥರ. ಒಂದು ಕಡೆ ಅಲ್ಪವಿರಾಮ ಎರಡು ಸಲ ಬಿದ್ದಿತ್ತು. ಅದೂ ಎಲ್ಲದರಲ್ಲೂ ಎರಡೇ ಸಲ. ಮತ್ತು ಎಲ್ಲ ಪ್ರಬಂಧಗಳೂ ಒಂದೇ ಡಿಟಿಪಿ ಅಂಗಡಿಯಲ್ಲಿ ತಯಾರಾಗಿದ್ದವು. ಅವರ ಸಂಶೋಧನಾ ಕೇಂದ್ರದ ಗೇಟಿನ ಎದುರಿನ ಅಂಗಡಿ. ಟೈಪು ಮಾಡಿ, ಪ್ರಿಂಟು ತೆಗೆದು, ರಟ್ಟು ಹಾಕಿ, ಬಂಗಾರದ ಅಕ್ಷರ ಒತ್ತಿ ಕೊಡುತ್ತಾರೆ. ಇವಳ ಪ್ರಬಂಧವೂ ಅಲ್ಲೇ ಆಗಬೇಕು. ನನ್ನನ್ನು ಮತ್ತೆ ಜಾರಿಸಿಕೊಂಡು ಹೋದಳು. ಒಬ್ಬಳೇ ಹೋಗಿ ಕೇಳಲು ಧೈರ್ಯವಿರಲಿಲ್ಲ ಅಂತ ಕಾಣುತ್ತದೆ.

ಅಂಗಡಿಯವನು ನಗುಮುಖದವನು. ನನಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಫ್ಯಾನು ನನ್ನ ಕಡೆ ತಿರುಗಿಸಿದ. ಮೊಮ್ಮಗಳು ಸಾಲು ತೋರಿಸಿದಳು.

"ಓ ಇದಾ? ಇದು ನಮ್ಮ ಹತ್ರ ರೆಡಿ ಅದ್ರೀ ಮೇಡಂ."

"ರೆಡಿ ಅಂದ್ರ?"

"ನಿಮ್ಮ ಸರ್ ಹತ್ರ ಮಾಡೋರು ಎಲ್ರೂ ಹಾಕ್ತಾರ. ದಿನಾ ಯಾರು ಕುಟ್ಟತಾರ್ರೀ? ಒಂದು ಫೈಲಿನ್ಯಾಗ ಇಟ್ಟೀನಿ, ಬಂದೋರಿಗೆ ಅಂಟಿಸಿ ಕೊಡ್ತೀನಿ."

"ಮೊದ್ಲು ಯಾರು ಕೊಟ್ಟಿದ್ರು ನಿಮಗ?"

"ಸರ್ ಅವ್ರೇ. ಅವರ ಪಿಎಚ್‌ಡಿ ಟೈಪ್ ಮಾಡಿದವನು ನಾನೇ ಅಲ್ಲೇನ್ರೀ, ಹೊಸದಾಗಿ ಅಂಗಡಿ ಹಾಕಿದ್ದೆ. ಕೈಲೆ ಬರೆದು ಕೊಟ್ಟಿದ್ರು. ಆ ಸಾಲಿಗೆ ಹೆಸರಿತ್ತು, ಊರಿತ್ತು. ಇಸವಿ ಇಲ್ಲ, ನಂಬರ್ ಇಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ರು. ಖಾಲಿ ಇದ್ರ ಆಫೀಸಿನೋರು ಪೂರಾ ಥೀಸಿಸ್ ವಾಪಸ್ ಕಳಸ್ತಾರ್ರೀ. ಸರ್‌ನ ಕೇಳೋಣಂದ್ರ ಅವ್ರು ಊರಾಗ ಇಲ್ಲ, ಮರುದಿನ ಕೊಡಬೇಕು. ಮ್ಯಾಲಿನ ಸಾಲಿನ ನಂಬರ್ ನೋಡಿದೆ, ಅದರ ಮುಂದಿಂದು ಹಾಕಿದೆ. ಇಸವಿನೂ ಹಂಗೇ ಒಂದು ಕುಂದ್ರಿಸಿದೆ. ಪಾಸಾತು."

ನನಗೆ ನಗು ಬಂತು, ಜೋರಾಗಿಯೇ ನಕ್ಕೆ. ಅವನೂ ನಕ್ಕ. ಮೊಮ್ಮಗಳು ನಗಲಿಲ್ಲ.

"ಹಂಗಾರ ಸುಳ್ಳು ನಂಬರ್ ಹಾಕೀರಿ" ಎಂದಳು.

"ಸುಳ್ಳು ಯಾಕ್ರೀ ಮೇಡಂ? ಖಾಲಿ ಜಾಗ ತುಂಬೀನಿ" ಎಂದ. ಅವನ ಮುಖದಲ್ಲಿ ಕಪಟ ಇರಲಿಲ್ಲ. ಹರಿದ ಸೀರೆಗೆ ತೇಪೆ ಹಾಕಿದವಳು ಹೇಳುವ ಹಾಗೆ ಹೇಳಿದ.

ಅಲ್ಲಿಂದ ಸೀದಾ ಮಾರ್ಗದರ್ಶಕರ ಕೋಣೆಗೆ ಹೋದೆವು. ಅದು ನೆಲದ ಮಟ್ಟದಲ್ಲೇ ಇತ್ತು, ಪುಣ್ಯ. ಅವರು ಎದ್ದು ನಿಂತು, "ಬರ್ರಿ ಅಮ್ಮಾ" ಎಂದು ನನ್ನನ್ನು ಕೂರಿಸಿದರು. ದಣಿದ ಮನುಷ್ಯ. ಮೇಜಿನ ಮೇಲೆ ಕಾಗದದ ಗುಡ್ಡ. ಮೊಮ್ಮಗಳು ಮಾನ್ವಿ, ದೇವದುರ್ಗ, ಅಂಗಡಿ, ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ಅಂಥದೊಂದು ಸರ್ವೆ ಆಗಿತ್ತು ಅಂತ ನಮ್ಮ ಹಿರಿಯರೊಬ್ಬರು ಹೇಳಿದ್ರು, ಅದರಾಗಿನ ಲೆಕ್ಕಾನೂ ಅವ್ರೇ ಬಾಯಿಲೆ ಹೇಳಿದ್ದು" ಎಂದರು. "ನಾನೂ ಆಗ ಹುಡುಕಿದೆ. ಸಿಗಲಿಲ್ಲ. ಸಿಕ್ಕ ಮ್ಯಾಲೆ ತುಂಬಿದ್ರಾತು ಅಂತ ಜಾಗ ಬಿಟ್ಟೆ."

"ಹಂಗಾರ ನಾನು 'ಇವರಲ್ಲಿ ಉಲ್ಲೇಖಿತ' ಅಂತ ಹಾಕ್ತೀನಿ ಸರ್."

"ಇವರಲ್ಲಿ ಅಂದ್ರ ಯಾರಲ್ಲಿ?"

ಅವಳು ಅವರ ಮುಖ ನೋಡಿದಳು.

"ನನ್ನ ಹೆಸರು ಬರ್ತದ, ಹೌದಲ್ಲ? ಹೊರಗಿನ ಪರೀಕ್ಷಕರು ಯಾರನ್ನ ಕೇಳ್ತಾರ? ನನ್ನ. ನಾನೇನು ಹೇಳ್ಲಿ? ಅಂಗಡಿಯವ ತುಂಬಿದ ಅಂತ ಹೇಳ್ಲಾ?"

"ಮತ್ತೇನು ಮಾಡ್ಲಿ ಸರ್?"

"ಎಲ್ರೂ ಹಾಕಿದಂಗ ನೇರ ಹಾಕು. ಇಲ್ಲಂದ್ರ ತೆಗೆದುಬಿಡು."

"ತೆಗೆದ್ರ ನಾಲ್ಕನೇ ಅಧ್ಯಾಯ ನಿಲ್ಲಂಗಿಲ್ಲ ಸರ್."

"ಗೊತ್ತದ" ಎಂದರು. ಗೊತ್ತಿದ್ದವರ ಹಾಗೆಯೇ ಎಂದರು. ಬೈಗುಳವೂ ಇಲ್ಲ, ಬೆದರಿಕೆಯೂ ಇಲ್ಲ. ಅವರೂ ಆ ಸಾಲಿನಲ್ಲಿ ಸಿಕ್ಕಿಬಿದ್ದವರೇ. ನಾವು ಈ ವಾರ ಬಿದ್ದೆವು, ಅವರು ಎಷ್ಟೋ ವರ್ಷದಿಂದ ಬಿದ್ದಿದ್ದಾರೆ.

ನಾನು ಬಾಯಿ ಹಾಕಿದೆ. "ದಿನ ಮುಂದ ಹಾಕಾಕ ಬರ್ತದೇನ್ರೀ ಸರ?"

"ಆರು ತಿಂಗಳು ಮುಂದ ಹಾಕಬಹುದಮ್ಮಾ. ನಾನು ಸಹಿ ಮಾಡಬೇಕು, ಮಾಡ್ತೀನಿ. ಆದ್ರ ಇಲ್ಲದ ವರದಿ ಆರು ತಿಂಗಳಾಗ ಹುಟ್ಟತದೇನು?"

ಮೊಮ್ಮಗಳ ಭುಜ ಹಿಡಿದು ಎದ್ದೆ.

ಕೋಣೆಗೆ ಏರಿ ಬರುವಷ್ಟರಲ್ಲಿ ನನ್ನ ಜೀವ ಹೋಗಿತ್ತು. ಅವಳು ನೆಲಕ್ಕೆ ನೀರು ಚೆಲ್ಲಿ, ಒದ್ದೆ ನೆಲದ ಮೇಲೆ ಹಾಗೇ ಮಲಗಿದಳು. ನಾನು ಗೋಡೆಗೆ ಒರಗಿ ಕೂತು ಹೇಳಿದೆ, "ಹಾಕಿಬಿಡಬೇ. ಎಲ್ರೂ ಹಾಕ್ಯಾರ. ಹಾಕು, ಕೊಟ್ಟುಬಿಡು, ಇಬ್ರೂ ಇಲ್ಲಿಂದ ಹೋಗೋಣು."

ಅವಳು ಮಲಗಿದ ಕಡೆಯಿಂದಲೇ ಕೇಳಿದಳು. "ಅಜ್ಜಿ, ನಿನಗ ಗೊತ್ತಿಲ್ಲದ ಬಸ್ಸು ಯಾರರ ಕೇಳಿದ್ರ ಏನಂತೀ?"

"ಗೊತ್ತಿಲ್ಲ, ಕಂಟ್ರೋಲರ್‌ನ ಕೇಳ್ರಿ ಅಂತೀನಿ."

"ಅಂದಾಜಿಲೆ ಒಂದು ಹೇಳಂಗಿಲ್ಲ?"

"ಅದು ಮಿರ್ಚಿ ಅಂಗಡಿ ಬೇ. ಇದು ನಿನ್ನ ಹೊಟ್ಟಿಪಾಡು."

"ಹೂಂ" ಎಂದು ಗೋಡೆಯ ಕಡೆ ತಿರುಗಿದಳು. ಅವತ್ತು ಅವಳು ಊಟ ಮಾಡಲಿಲ್ಲ. ಊಟ ಬಿಟ್ಟವರನ್ನು ಕಂಡರೆ ನನಗಾಗುವುದಿಲ್ಲ. "ನಿನ್ನ ವರದಿಗೂ ನನ್ನ ರೊಟ್ಟಿಗೂ ಏನು ಸಂಬಂಧ?" ಎಂದು ಬೈದು, ರೊಟ್ಟಿ ಮುರಿದು ನಾನು ತಿಂದೆ.

ಮರುದಿನ ಬೆಳಿಗ್ಗೆ ಅವಳು ನಾಲ್ಕನೇ ಅಧ್ಯಾಯ ತೆರೆದು, ಆ ವರದಿಯಿಂದ ಬಂದದ್ದನ್ನೆಲ್ಲ ಅಳಿಸುತ್ತ ಕೂತಿದ್ದಳು. ನೋಡಲು ಕೊಯ್ಲಾದ ಹೊಲದ ಹಾಗಿತ್ತು. ಅಲ್ಲೊಂದು ಸಾಲು, ಇಲ್ಲೊಂದು ಸಾಲು.

"ಏನು ಮಾಡಾಕತ್ತೀ?"

"ತೆಗೀಲಾಕತ್ತೀನಿ. ಆಗಿಂದು ಕಾಗದದಾಗ ಇಲ್ಲಂದ್ರ ಇಲ್ಲ. ಆಗ ಹೋದೋರು ಇನ್ನ ಬದುಕ್ಯಾರಲ್ಲ, ಅವರ್ನ ಕೇಳ್ತೀನಿ. ಈಗ ಹೋಗೋರ್ನೂ ಕೇಳ್ತೀನಿ. ಮಾನ್ವಿ ಹತ್ರ ಕುರ್ಡಿ ಕಡೆ ಕೆಲವ್ರು ನೆಲೆ ನಿಂತಾರ, ಜಾಲಹಳ್ಳಿ ಕಡೆ ಕೆಲವ್ರು ಅದಾರ. ಕೇಳಿ ಬರೀಬೇಕಂದ್ರ ಆರು ತಿಂಗಳು ಬೇಕು." ಲ್ಯಾಪ್‌ಟಾಪಿನ ಕಡೆಯೇ ನೋಡುತ್ತ ಹೇಳಿದಳು. "ಅಪ್ಪ ಒಪ್ಪಂಗಿಲ್ಲ. ಅದಕ್ಕ ಶಾಲಿಗೇ ಹೋಗ್ತೀನಿ. ತಗದು ಹೋಗೋಣಂತ ತಗೀಲಾಕತ್ತೀನಿ."

ಅಂದರೆ ಸುಳ್ಳು ಸಾಲನ್ನು ಅಳಿಸಿ, ಪ್ರಬಂಧವನ್ನೂ ಬಿಟ್ಟು ಹೋಗುವವಳಿದ್ದಳು. ಯಾರಿಗಾಗಿ ಅಳಿಸುತ್ತಿದ್ದಳೋ ನನಗೆ ತಿಳಿಯಲಿಲ್ಲ. ಸಲ್ಲಿಸದ ಪ್ರಬಂಧವನ್ನು ಯಾರು ನೋಡುತ್ತಾರೆ?

ಮಗನ ಫೋನು ಬಂತು. ಅವನು ಪ್ರತಿ ಸಲ ಕೇಳುವುದೇ ಹಾಗೆ. "ಯವ್ವಾ, ಇನ್ನ ಎಷ್ಟು ಸ್ಟಾಪ್ ಅದಾವ?"

"ಬಸ್ ಕೆಟ್ಟು ನಿಂತದ" ಎಂದೆ. "ಆರು ತಿಂಗಳು ಬೇಕಂತ."

"ಆರು ತಿಂಗಳ? ಹುಚ್ಚ ಹಿಡದದೇನು ಆಕಿಗೆ? ಶಾಲಿಯವ್ರು ಸೋಮವಾರಕ್ಕ ಕೇಳಾಕತ್ತಾರ. ಕರ್ಕೊಂಡು ಬಾ. ನಿನಗೂ ಬಿಡುಗಡಿ ಆಗ್ತದ, ದಿನಾ ಬರ್ತೀನಿ ಬರ್ತೀನಿ ಅಂತಿದ್ದೆಲ್ಲ?"

"ಅಂತಿದ್ದೆ."

"ಮತ್ತ? ಇಲ್ಲಾ, ಇನ್ನಾರು ತಿಂಗಳು ನೀ ಅಲ್ಲಿ ಇರ್ತೀಯೇನು?"

ಇರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ. ಅವನು ನನ್ನ ಮಗ, ನನ್ನನ್ನು ಬಲ್ಲ. ಮೊಮ್ಮಗಳ ಬೆರಳು ಅಕ್ಷರಗಳ ಮೇಲಿತ್ತು, ಒತ್ತುತ್ತಿರಲಿಲ್ಲ. ನಾನು ಕಿಟಕಿಯ ಕಡೆ ನೋಡಿದೆ. ಅದೇ ಗೋಡೆ. ಬೇವಿನ ಮರ ಕಣ್ಣಿಗೆ ಬಂತು, ಅದರ ಕೆಳಗಿನ ತಗಡೂ ಬಂತು. ಖಾಲಿ ಜಾಗ ತುಂಬೀನಿ ಎಂದ ಅಂಗಡಿಯವನೂ ನೆನಪಾದ. ಶಾಲೆಗೆ ಹೋದರೆ ಇವಳೂ ಅಷ್ಟೇ, ಯಾವುದೋ ಒಂದು ಖಾಲಿ ಜಾಗಕ್ಕೆ ಕುಂದ್ರಿಸಿದ ನಂಬರು.

"ಇರ್ತೀನಿ" ಎಂದೆ. "ಒಂದು ಟೇಬಲ್ ಫ್ಯಾನ್ ಕಳಸು."

"ಯವ್ವಾ..."

"ಕಳಸ್ತೀಯೋ ಇಲ್ಲೋ?"

ಕಳಿಸಿದ. ತಾನೇ ಡ್ಯೂಟಿ ಬಸ್ಸಿನಲ್ಲಿ ತಂದು, ಕೆಳಗೆ ನಿಂತು ಕೂಗಿದ. ಮೇಲೆ ಬರಲಿಲ್ಲ, ಸಿಟ್ಟಿತ್ತು. ಮೊಮ್ಮಗಳು ಇಳಿದು ಹೋಗಿ ತಂದಳು. ಆ ಫ್ಯಾನು ಗಾಳಿಗಿಂತ ಸದ್ದು ಜಾಸ್ತಿ ಮಾಡುತ್ತದೆ.

ನಾನು ಇದನ್ನು ಆ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಮಾರ್ಗದರ್ಶಕರು ಅವಧಿ ಮುಂದೂಡುವ ಕಾಗದಕ್ಕೆ ಸಹಿ ಮಾಡಿದರು, ಏನೂ ಕೇಳಲಿಲ್ಲ. ಅವಳು ಬೆಳಿಗ್ಗೆ ಮಾನ್ವಿ ಬಸ್ಸು ಹತ್ತುತ್ತಾಳೆ, ಸಂಜೆ ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಬರುತ್ತಾಳೆ. ಮುದುಕಿಯರು ಏನೇನು ಹೇಳಿದರೆಂದು ಹೇಳುತ್ತಾಳೆ. ಕೆಲವು ಸುಳ್ಳು ಅನ್ನಿಸುತ್ತವೆ ನನಗೆ. "ಆಕಿ ಬಡಾಯಿ ಹೇಳ್ಯಾಳ, ಇನ್ನೊಬ್ಬಾಕಿನ್ನ ಕೇಳು" ಎನ್ನುತ್ತೇನೆ. ಕೇಳಿ ಬರುತ್ತಾಳೆ. ಕೆಲವು ಸಲ ಆಕೆ ಹೇಳಿದ್ದೇ ನಿಜವಾಗಿರುತ್ತದೆ, ನನ್ನದು ತಪ್ಪಾಗಿರುತ್ತದೆ. ಪಾಸಾಗುತ್ತಾಳೋ ಇಲ್ಲವೋ ಯಾರಿಗೆ ಗೊತ್ತು. ಜಾಲಹಳ್ಳಿಯ ನನ್ನ ಜಾಗ ಹೋಯಿತು. ತಗಡಿನ ಕೆಳಗೆ ಆಕೆ ಈಗ ಚಹಾನೂ ಮಾರುತ್ತಾಳಂತೆ. ಬಾಣಲೆ ಮಾತ್ರ ವಾಪಸು ಕಳಿಸಿದ್ದಾಳೆ, ತಳ ಸುಟ್ಟು.

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಕುರ್ಡಿಗೆ ಹೋಗಿದ್ದಳು. ಯಾರೋ ಬಾಗಿಲು ಬಡಿದರು. ಹೊಸದಾಗಿ ಸಂಶೋಧನೆಗೆ ಸೇರಿದ ಹುಡುಗಿ, ಮುಖವೆಲ್ಲ ಬೆವರು, ಮೂರು ಮಹಡಿ ಹತ್ತಿ ಏದುಸಿರು. ಕೈಯಲ್ಲೊಂದು ಚೀಟಿ.

"ಅಮ್ಮಾರೀ, ಅಕ್ಕ ಇಲ್ಲೇನ್ರೀ? ಒಂದು ವರದಿ ಹುಡುಕಾಕತ್ತೀನಿ. ಅವ್ರೂ ಇದೇ ಹುಡುಕಿದ್ರಂತ..."

ಚೀಟಿ ತೆಗೆದುಕೊಂಡು ಓದಿದೆ. ನನಗೂ ಈಗ ಬಾಯಿಪಾಠ. ಅಲ್ಪವಿರಾಮ ಎರಡು ಸಲ ಬಿದ್ದಿತ್ತು.

"ಇದು ಇಲ್ಲವ್ವಾ" ಎಂದೆ.

"ಎಲ್ಲಿ ಸಿಗ್ತದ್ರೀ?"

"ಎಲ್ಲೂ ಇಲ್ಲ. ಮಾನ್ವಿಗೆ ಹೋಗಬ್ಯಾಡ, ಆ ಸಾಹೇಬ್ರಿಗೆ ಸಾಕಾಗ್ಯಾದ. ದೇವದುರ್ಗಕ್ಕೂ ಹೋಗಬ್ಯಾಡ." ಫ್ಯಾನು ಅವಳ ಕಡೆ ತಿರುಗಿಸಿದೆ. "ಕುಂದ್ರು. ನೀರು ಬಿಸಿ ಅದಾವ, ಆದ್ರೂ ಕುಡಿ. ಆಕಿ ಸಂಜೀಕ ಬರ್ತಾಳ, ಯಾಕ ಇಲ್ಲ ಅಂತ ಆಕಿನ್ನ ಕೇಳು."